ಮೋಟಾರಿನ ಬಾಯಿಗೆ ವಿಭೂತಿ

ನಿಂತ ಮೋಟಾರಿಗೆ ಇರುವ ಮಹಿಮೆ ಓಡುವ ಮೋಟಾರಿಗೆ ಇಲ್ಲ. ಓಡುವ ಮೋಟಾರನ್ನು ಜನ ಬಾಯಿಬಿಟ್ಟುಕೊಂಡು ನೋಡುತ್ತಾರೆ, ಧೂಳು ಕುಡಿಯುತ್ತಾರೆ, ಕೆಮ್ಮುತ್ತ ತಮ್ಮ ದಾರಿ ಹಿಡಿಯುತ್ತಾರೆ. ಅದೇ ಮೋಟಾರು ನಡುದಾರಿಯಲ್ಲಿ ಕೆಟ್ಟು ನಿಲ್ಲಲಿ, ಸುತ್ತಲಿನವರೆಲ್ಲ ಒಮ್ಮೆಲೇ ಪಂಡಿತರಾಗುತ್ತಾರೆ. ಜನ್ಮದಲ್ಲಿ ಚಕ್ಕಡಿ ಬಿಟ್ಟು ಬೇರೆ ಗಾಡಿ ಹತ್ತದವನೂ ಟೋಪಿ ಹಿಂದಕ್ಕೆ ಸರಿಸಿ, ಸೊಂಟದ ಮೇಲೆ ಕೈಯಿಟ್ಟು, "ಒಳಗ ಏನೋ ಸಿಕ್ಕೈತ್ರಿ" ಎನ್ನುತ್ತಾನೆ. ಒಳಗೆ ಏನೋ ಸಿಕ್ಕಿದೆ ಎಂಬುದರಲ್ಲಿ ಸುಳ್ಳೇನೂ ಇಲ್ಲದ ಕಾರಣ ಅವನ ಮಾತನ್ನು ಅಲ್ಲಗಳೆಯಲು ಬರುವುದಿಲ್ಲ. ಈ ಪಂಡಿತರನ್ನು ನಾನು ಹತ್ತಿರದಿಂದ ಬಲ್ಲೆ. ನನ್ನ ಮದುವೆ ಒಂದು ಕಾಲಕ್ಕೆ ಇವರ ಕೈಯಲ್ಲೇ ಇತ್ತು.

ಮೋಟಾರು ನನ್ನದಲ್ಲ, ನಮ್ಮ ಮಾವನದು. ಹಾನಗಲ್ಲಿನಲ್ಲಿ ಭತ್ತದ ವ್ಯಾಪಾರ ಮಾಡುತ್ತಿದ್ದ ಚನ್ನಬಸಪ್ಪ ನನ್ನ ತಾಯಿಯ ಅಣ್ಣ. ಚಿಕ್ಕಂದಿನಲ್ಲೇ ಅಪ್ಪ ಅವ್ವನನ್ನು ಕಳೆದುಕೊಂಡ ನನ್ನನ್ನು ಅವನೂ ಗೌರವ್ವ ಅತ್ತೆಯೂ ಸಾಕಿ, ಓದಿಸಿ, ಕನ್ನಡ ಶಾಲೆಯ ಮಾಸ್ತರನನ್ನಾಗಿ ಮಾಡಿದ್ದರು. ಶಿಗ್ಗಾವಿಯಲ್ಲಿದ್ದ ಒಬ್ಬ ಸಾಹೇಬರು ವರ್ಗವಾಗಿ ಹೋಗುವಾಗ ತಮ್ಮ ಹಳೇ ಮೋಟಾರನ್ನು ಮಾರಿ ಹೋದರು, ಮಾವ ಕೊಂಡು ತಂದ. ಸಾಹೇಬರು ಹೋಗುವಾಗ ಅಷ್ಟೊಂದು ನಗುತ್ತಿದ್ದರು ಯಾಕೆ ಎಂದು ಆಗ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಯುದ್ಧ ಬಂತು, ಪೆಟ್ರೋಲಿಗೆ ಕೂಪನ್ನು ಬಂತು. ಮೋಟಾರಿನ ಓಡಾಟ ಮನೆಯಿಂದ ಪೇಟೆಗೆ, ಪೇಟೆಯಿಂದ ಗುಡಿಗೆ ಎನ್ನುವಷ್ಟಕ್ಕೆ ಇಳಿಯಿತು. ನಡೆದರೆ ಅದಕ್ಕಿಂತ ಬೇಗ ಮುಟ್ಟಬಹುದಾದ ದೂರ. ಆದರೆ ಮೋಟಾರು ಕೊಂಡವನು ಮತ್ತೆ ನಡೆಯಲು ಶುರುಮಾಡಿದರೆ ಊರು ಏನೆಂದೀತು ಎಂದು ಮಾವ ಹೆದರುತ್ತಿದ್ದ. ಒಟ್ಟಿನಲ್ಲಿ ಆ ಗಾಡಿ ಅವನ ಕಾಲು ಕಟ್ಟಿಹಾಕಿತ್ತು.

ಅದರ ಪೆಟ್ರೋಲಿನ ಟಾಕಿ ಮುಂದಿನ ಗಾಜಿನ ಬುಡದಲ್ಲಿ, ಎಂಜಿನ್ನಿಗಿಂತ ಎತ್ತರದಲ್ಲಿತ್ತು. ಪಂಪು ಗಿಂಪು ಏನೂ ಇಲ್ಲ. ಪೆಟ್ರೋಲು ಮೇಲಿನಿಂದ ಕೆಳಕ್ಕೆ ತಾನಾಗಿ ಇಳಿದು ಹೋಗಬೇಕು. ಟಾಕಿಯ ಹಿತ್ತಾಳೆ ಮುಚ್ಚಳ ಗಾಜಿನ ಹೊರಗೆ, ಎಲ್ಲರಿಗೂ ಕಾಣುವ ಹಾಗೆ ಕೂತಿತ್ತು. ಅದರ ನಡುವೆ ಸೂಜಿ ತೂರುವಷ್ಟು ಒಂದು ತೂತು. ಆ ತೂತು ಯಾಕಿದೆ ಎಂದು ಕೇಳುವ ಮನುಷ್ಯ ನಮ್ಮ ಮನೆಯಲ್ಲಿ ಇರಲಿಲ್ಲ, ನನ್ನನ್ನೂ ಹಿಡಿದು. ಅತ್ತೆಗೆ ಮಾತ್ರ ಆ ಮುಚ್ಚಳದ ಮೇಲೆ ಬಹಳ ಭಕ್ತಿ. ಪ್ರತಿ ಸೋಮವಾರ ಜಳಕ ಮಾಡಿ, ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು, ಮನೆಯಲ್ಲಿ ಬಾಯಿ ಇರುವ ವಸ್ತುಗಳಿಗೆಲ್ಲ ಮೂರು ಮೂರು ಪಟ್ಟಿ ಎಳೆಯುವುದು ಅವಳ ಪದ್ಧತಿ. ಒಲೆಯ ಬಾಯಿ, ಬೀಸುವ ಕಲ್ಲಿನ ಬಾಯಿ, ಅಂಗಳದಲ್ಲಿ ಕಾಳು ಹೂಳಿಟ್ಟ ಹಗೇವಿನ ಬಾಯಿ, ಕೊನೆಗೆ ಮೋಟಾರಿನ ಬಾಯಿ. "ಉಣ್ಣೂ ಬಾಯಿ ಅಲ್ಲೇನು ಅದು? ಬರೇ ಉಣಿಸಿ ಬಿಟ್ರ ಆತೇನು?" ಎನ್ನುತ್ತಿದ್ದಳು. ವಾರಕ್ಕೊಂದು ಪದರ ಒಣಗಿ, ಅದರ ಮೇಲೆ ಇನ್ನೊಂದು ಪದರ ಕೂತು, ಮುಚ್ಚಳ ಸುಣ್ಣ ಬಳಿದ ಗೋಡೆಯಾಗಿತ್ತು.

ಇನ್ನು ನನ್ನ ಯೋಗ್ಯತೆಯ ಮಾತು. ಹತ್ತಿಮತ್ತೂರಿನಲ್ಲಿ ಒಬ್ಬರು, ದುಂಡಸಿಯಲ್ಲಿ ಒಬ್ಬರು, "ಸಾಲಿ ಮಾಸ್ತರಿಗೆ ಹೆಣ್ಣು ಕೊಟ್ಟು ಮಗಳ ಕಡಿಂದ ಪಾಟಿ ಒರಸಸೂದೇನು?" ಎಂದು ಕೇಳಿ ಕಳಿಸಿದ್ದರು. ಮಾವನಿಗೆ ಅವಮಾನವಾಯಿತು. ಆಮೇಲೆ ಹಿರೇಕೆರೂರಿನ ಹತ್ತಿ ವ್ಯಾಪಾರಿ ಸಿದ್ಧಲಿಂಗಪ್ಪನವರ ಮಗಳ ಸುದ್ದಿ ಬಂದಾಗ ಅವನು ಮಾಸ್ತರಿಕೆಯ ವಿಷಯವನ್ನೇ ಎತ್ತಲಿಲ್ಲ. "ಹುಡುಗ ಮೋಟಾರಿನ್ಯಾಗ ಬರ್ತಾನ" ಎಂದಷ್ಟೇ ಹೇಳಿ ಕಳಿಸಿದ. ಆ ಒಂದು ವಾಕ್ಯದಲ್ಲಿ ನನ್ನ ರೂಪ, ಗುಣ, ವಿದ್ಯೆ, ಕುಲ ಎಲ್ಲ ಬಂದುಬಿಟ್ಟಿತು. ಸಿದ್ಧಲಿಂಗಪ್ಪನವರು ಕೂಡಲೇ ಬರಹೇಳಿದರು. ಮೋಟಾರು ಹಿರೇಕೆರೂರು ಮುಟ್ಟಿದರೆ ನಾನು ವರ, ಮುಟ್ಟದಿದ್ದರೆ ಬರಿಯ ಮಾಸ್ತರ.

ಕನ್ಯೆ ನೋಡಲು ಹೊರಟ ದಿನ ಮಾವ ಕೂಡಿಟ್ಟ ಕೂಪನ್ನುಗಳನ್ನೆಲ್ಲ ಖರ್ಚು ಮಾಡಿ ಟಾಕಿಯನ್ನು ಕಂಠಮಟ್ಟ ತುಂಬಿಸಿದ. ಅತ್ತೆ ಶುಭಕಾರ್ಯವೆಂದು ವಿಭೂತಿಯನ್ನು ಎಂದಿಗಿಂತ ದಪ್ಪಗೆ ಬಳಿದಳು. ಚಾಲಕ ಇಮಾಮಸಾಬ ಸವಣೂರಿನವನು, ಮೋಟಾರಿನ ಜೊತೆಗೇ ಮಾವನಿಗೆ ಸಿಕ್ಕವನು. ಅವನು ಮುಂದೆ ನಿಂತು ಹ್ಯಾಂಡಲ್ ತಿರುವಿದ. ಮೋಟಾರು ಗುರುಗುಟ್ಟಿ ಎದ್ದಿತು. ಮಾವ, ಅತ್ತೆ, ನಾನು ಓಣಿಯ ಜನಕ್ಕೆಲ್ಲ ಕೈಮುಗಿಯುತ್ತ ಊರು ದಾಟಿದೆವು. ಕೆರೆಯ ಏರಿ ಮುಗಿಯುವ ಹೊತ್ತಿಗೆ ಅದು ಎರಡು ಸಲ ಬಿಕ್ಕಿ, ಒಮ್ಮೆ ಕೆಮ್ಮಿ, ನಿಂತುಬಿಟ್ಟಿತು.

ಇಮಾಮಸಾಬ ಇಳಿದು ಹ್ಯಾಂಡಲ್ ತಿರುವಿದ, ಏಳಲಿಲ್ಲ. ಮೊದಲು ಟಾಕಿಯ ಮುಚ್ಚಳ ತೆಗೆದು ಒಳಗೆ ಕಡ್ಡಿ ಅದ್ದಿ ನೋಡಿದ. ಮುಚ್ಚಳ ಬಿಚ್ಚುವಾಗ ಟಾಕಿ 'ಉಸ್' ಎಂದಿತು. "ಪಾಪ, ದಣದೈತಿ" ಎಂದಳು ಅತ್ತೆ. ಪೆಟ್ರೋಲು ಬೇಕಾದಷ್ಟಿತ್ತು. ಇಮಾಮಸಾಬ ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದು, ವೈದ್ಯ ರೋಗಿಯ ನಾಲಿಗೆ ನೋಡುವಂತೆ ನೋಡಿ, "ಕರೆಂಟಿನ ದೋಷ ಐತ್ರಿ ಧಣೇರ. ಪ್ಲಗ್ಗಿನ ಮಾರಿ ನೋಡ್ರಿ, ಹೆಂಗ ಕರ್ರಗ ಆಗ್ಯಾವ. ಕಿಡಿ ಹಾರವಲ್ದು" ಎಂದ. ಮರಳು ಕಾಗದದಿಂದ ತಿಕ್ಕಿ ಮತ್ತೆ ಕೂಡಿಸಿದ. ಹ್ಯಾಂಡಲ್ ತಿರುವಿದ ಕೂಡಲೇ ಎಂಜಿನ್ನು ಎದ್ದಿತು. ಇಮಾಮಸಾಬ ಮೀಸೆಯ ಮೇಲೆ ಕೈಯಾಡಿಸಿದ. ಮುಚ್ಚಳ ಹಾಕುವಾಗ ಅವನ ಬೆರಳು ತಾಗಿ ವಿಭೂತಿ ಅಳಿಸಿತ್ತು. ಅತ್ತೆ ತನ್ನ ಡಬ್ಬಿ ತೆಗೆದು, ನೀರು ಮುಟ್ಟಿಸಿ, ಮತ್ತೆ ಮೂರು ಪಟ್ಟಿ ಎಳೆದಳು. ನಾವು ಹೊರಟೆವು.

ತಿಳವಳ್ಳಿಗೆ ಬರುವಷ್ಟರಲ್ಲಿ ಇನ್ನೂ ಕೆಲವು ಸಲ ನಿಂತೆವು, ಪ್ರತಿ ಸಲವೂ ಮುಚ್ಚಳ ತೆಗೆದು, ಕಡ್ಡಿ ಅದ್ದಿ, ಪ್ಲಗ್ಗು ತಿಕ್ಕಿದೆವು. ತಿಳವಳ್ಳಿಯಲ್ಲಿ ಅದು ಯಾರೋ ಹೇಳಿಕೊಟ್ಟ ಹಾಗೆ ಮಲ್ಲಪ್ಪನ ಅಕ್ಕಿ ಗಿರಣಿಯ ಮುಂದೆಯೇ ನಿಂತಿತು. ಮಲ್ಲಪ್ಪ ಮಾವನ ಗೆಳೆಯ. ಅವನ ಗಿರಣಿ ಎಣ್ಣೆ ಎಂಜಿನ್ನಿನಿಂದ ನಡೆಯುತ್ತಿತ್ತು. ಆದ್ದರಿಂದ ಜಗತ್ತಿನ ಎಲ್ಲ ಎಂಜಿನ್ನುಗಳೂ ತನ್ನ ಎಂಜಿನ್ನಿನ ಬಳಗವೆಂದು ಅವನು ನಂಬಿದ್ದ. ಹೊರಗೆ ಬಂದವನೇ ಮುಚ್ಚಳ ತೆಗೆದು ಮೂಗು ಹಚ್ಚಿದ. ಟಾಕಿ ಮತ್ತೆ ಉಸ್ಸೆಂದಿತು. "ಕರೆಂಟೂ ಇಲ್ಲ, ಗಿರೆಂಟೂ ಇಲ್ಲ. ಚಿಮಣಿ ಎಣ್ಣಿ ಬೆರಸ್ಯಾರ ಚನ್ನಬಸಪ್ಪಣ್ಣ. ನಳಗ್ಯಾಗ ಕಸಾ ಕಟ್ಟೇತಿ" ಎಂದು ತೀರ್ಪು ಕೊಟ್ಟ. ಕಾರ್ಬೊರೇಟರು ಬಿಚ್ಚಿ, ಸಣ್ಣ ನಳಿಗೆಯನ್ನು ಬಾಯಲ್ಲಿಟ್ಟು ಊದಿ, ಉಗುಳಿ, ಮತ್ತೆ ಊದಿದ. ಹ್ಯಾಂಡಲ್ ತಿರುವಿದರೆ ಎಂಜಿನ್ನು ಎದ್ದಿತು. ಅತ್ತೆ ಮುಚ್ಚಳಕ್ಕೆ ಮತ್ತೆ ವಿಭೂತಿ ಹಚ್ಚಿದಳು.

ಅಲ್ಲಿಂದ ನಮ್ಮ ಮೋಟಾರಿನಲ್ಲಿ ಎರಡು ಮತಗಳಾದವು. ಇಮಾಮಸಾಬನದು ಕಿಡಿಯ ಮತ, ಮಲ್ಲಪ್ಪನದು ಎಣ್ಣೆಯ ಮತ. ಮಲ್ಲಪ್ಪ ತನ್ನ ಮತ ಗೆಲ್ಲುವುದನ್ನು ಕಣ್ಣಾರೆ ನೋಡಬೇಕೆಂದು ಗಿರಣಿ ಬಿಟ್ಟು ನಮ್ಮ ಜೊತೆಗೇ ಹತ್ತಿದ. ತರ್ಕಶಾಸ್ತ್ರ ಓದಿದವರು ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ಊಹಿಸುವುದನ್ನು ಕಲಿಸುತ್ತಾರೆ. ಪಾಪ, ಅವರು ಬೆಟ್ಟ ನೋಡಿದ್ದರು, ಮೋಟಾರು ನೋಡಿರಲಿಲ್ಲ. ಇಲ್ಲಿ ಕಿಡಿಯವನಿಗೂ ಸಾಕ್ಷಿ ಇತ್ತು, ಎಣ್ಣೆಯವನಿಗೂ ಸಾಕ್ಷಿ ಇತ್ತು. ಇಬ್ಬರೂ ಕೈಯಾರೆ ರಿಪೇರಿ ಮಾಡಿ ಓಡಿಸಿ ತೋರಿಸಿದವರೇ. ಇಬ್ಬರೂ ಮೊದಲು ಒಂದೇ ಮುಚ್ಚಳ ತೆಗೆದಿದ್ದರು ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಮುಚ್ಚಳ ತೆಗೆಯುವುದು ಕೆಲಸವೇ ಅಲ್ಲವಲ್ಲ.

ಮುಂದಿನ ಸಲ ನಿಂತಾಗ ನನಗೂ ತಡೆಯಲಾಗಲಿಲ್ಲ. ಶಾಲೆಯಲ್ಲಿ ಉಷ್ಣತೆಯ ಪಾಠ ಹೇಳುತ್ತಿದ್ದವನು ನಾನು. ಬಿಸಿಲಿಗೆ ಪೆಟ್ರೋಲು ಕಾದು ಆವಿಯಾಗುತ್ತಿದೆ ಎಂದು ಗಂಭೀರವಾಗಿ ಹೇಳಿದೆ. ಕುದಿಯುತ್ತಿದೆಯೇ ಎಂದು ನೋಡಲು ಮುಚ್ಚಳ ತೆಗೆದು ಬಗ್ಗಿದೆ, ನಳಿಗೆಗೆ ಒದ್ದೆ ಬಟ್ಟೆ ಸುತ್ತಿದೆ. ಮೋಟಾರು ಎದ್ದಿತು! ಮಾವ ನನ್ನನ್ನು ಜೀವನದಲ್ಲಿ ಮೊದಲ ಸಲ ಮರ್ಯಾದೆಯಿಂದ ನೋಡಿದ. ಮತಸ್ಥಾಪಕನ ಆನಂದ ಎಂಥದು ಎಂದು ನನಗೆ ಆಗ ತಿಳಿಯಿತು. ಅದು ಸುಮಾರು ಎರಡು ಮೈಲಿ ಬಾಳಿತು.

ಹಿರೇಕೆರೂರು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ಮತ್ತೆ ನಿಂತಾಗ ಮೂರೂ ಮತಗಳವರು ಏರಿದ ದನಿಯಲ್ಲಿ ವಾದಕ್ಕೆ ನಿಂತೆವು. ಹೊಲದಲ್ಲಿದ್ದ ಒಬ್ಬ ರೈತ ಎತ್ತಿನ ಜೋಡಿ ಹೊಡೆದುಕೊಂಡು ಬಂದು, "ಎಳಕೊಂಡ ಹೋಗಿ ಊರಾಗ ಬಿಡ್ಲೇನ್ರಿ?" ಎಂದು ಕೇಳಿದ. ಮಾವನ ಮುಖ ಕೆಂಪಾಯಿತು. "ಬೀಗರ ಊರಿಗೆ ಎತ್ತು ಹೂಡಿಕೊಂಡು ಹೋಗೂದೇನು? ನನ್ನ ಹೆಣಾ ಹೋದೀತು, ನಾ ಹೋಗೂದಿಲ್ಲ!" ಎಂದು ಕೂಗಿದ. ಈ ಗದ್ದಲದಲ್ಲಿ ಇಮಾಮಸಾಬ ಎಂದಿನಂತೆ ಮುಚ್ಚಳ ತೆಗೆದು ಕಡ್ಡಿ ಅದ್ದಿ, ಮುಚ್ಚಳವನ್ನು ಗಾಲಿಯ ಮೇಲಿನ ತಗಡಿನ ಮೇಲೆ ಇಟ್ಟ. ಮಲ್ಲಪ್ಪ ಊದಿದ, ನಾನು ನೀರು ಚಿಮುಕಿಸಿದೆ, ಇಮಾಮಸಾಬ ತಿಕ್ಕಿ ಹ್ಯಾಂಡಲ್ ತಿರುವಿದ. ಎಂಜಿನ್ನು ಎದ್ದಿತು. ಮತ್ತೆ ನಿಂತೀತು ಎಂಬ ಹೆದರಿಕೆಗೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದೆವು. ಮುಚ್ಚಳ ತಗಡಿನ ಮೇಲಿಂದ ಜಾರಿ ರಸ್ತೆಗೆ ಬಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಪೆಟ್ರೋಲು ತುಳುಕಿ ಗಾಜಿಗೆ ಹೊಡೆದಾಗ. "ನಿಲ್ಲಸಬ್ಯಾಡೋ, ನಿಲ್ಲಸಬ್ಯಾಡ!" ಎಂದು ಮಾವ ಕೂಗಿದ. ಅತ್ತೆ ಕೈಗೆ ಸಿಕ್ಕ ಬಟ್ಟೆಯನ್ನು ನನ್ನ ಕಡೆ ಎಸೆದಳು. ಅದು ಹುಡುಗಿಯ ಮಡಿಲಿಗಿಟ್ಟು ಉಡಿ ತುಂಬಲು ತಂದಿದ್ದ ಕೆಂಪು ಅಂಚಿನ ಕುಪ್ಪಸದ ಖಣ. ನಾನು ಬಾಗಿಲು ತೆಗೆದು ಪಕ್ಕದ ಹಲಗೆಯ ಮೇಲೆ ನಿಂತು, ಒಂದು ಕೈಯಿಂದ ಗಾಡಿ ಹಿಡಿದು, ಇನ್ನೊಂದು ಕೈಯಿಂದ ಖಣವನ್ನು ಟಾಕಿಯ ಬಾಯಿಗೆ ತುರುಕಿ ಒತ್ತಿಕೊಂಡೆ. ವರ ಮಹಾಶಯ ಹಿರೇಕೆರೂರನ್ನು ಪ್ರವೇಶಿಸಿದ್ದು ಈ ಭಂಗಿಯಲ್ಲಿ. ಸಿದ್ಧಲಿಂಗಪ್ಪನವರ ಮನೆಯ ಮುಂದೆ ಆರತಿ ತಟ್ಟೆ ಹಿಡಿದು ಹೆಂಗಸರು ನಿಂತಿದ್ದರು. ನಿಲ್ಲಿಸಿದರೆ ಮತ್ತೆ ಹೊರಡುವುದೋ ಇಲ್ಲವೋ ಎಂದು ಇಮಾಮಸಾಬ ನಿಲ್ಲಿಸಲಿಲ್ಲ. ಓಣಿ ಸುತ್ತಿ ಮತ್ತೆ ಬಂದೆವು, ಮತ್ತೆ ಸುತ್ತಿದೆವು. ಪ್ರತಿ ಸುತ್ತಿಗೂ ನಾನು ಬೀಗರಿಗೆ ಹಲ್ಲು ತೋರಿಸುತ್ತಿದ್ದೆ, ಕೈಮುಗಿಯಲು ಕೈ ಖಾಲಿ ಇರಲಿಲ್ಲ. ಕೊನೆಗೆ ಸಿದ್ಧಲಿಂಗಪ್ಪನವರು ಅಡ್ಡ ಬಂದು ನಿಂತ ಮೇಲೆಯೇ ನಿಲ್ಲಿಸಿದ್ದು.

ಒಳಗೆ ಕೂತಾಗ ನನ್ನ ಕೈಯಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು. ಹುಡುಗಿ ನೀಲವ್ವ ತಲೆ ತಗ್ಗಿಸಿ ಬಂದಳು, ನಮಸ್ಕಾರ ಮಾಡಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಒಳಗೆ ಹೋದಳು. ನಾನು ಅವಳ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಆಮೇಲೆ ಅಡುಗೆಮನೆಯ ಕಡೆಯಿಂದ ಅವಳು ನಮ್ಮ ಅತ್ತೆಯನ್ನು ಕೇಳುವುದು ಕಿವಿಗೆ ಬಿತ್ತು. "ಅವ್ವಾರ, ನಿಮ್ಮ ಕಡೆ ಮೋಟಾರಿಗೂ ಉಡಿ ತುಂಬ್ತಾರೇನ್ರಿ?" ದನಿಯಲ್ಲಿ ಎಷ್ಟು ವಿನಯ ಇತ್ತೆಂದರೆ ಅತ್ತೆ ಅದಕ್ಕೆ ಉತ್ತರ ಹುಡುಕಲು ಶುರುಮಾಡಿದಳು. ನಾನು ಮಾತ್ರ ನಗು ತಡೆಯಲು ಪೆಟ್ರೋಲಿನ ಕೈಯನ್ನೇ ಬಾಯಿಗೆ ಒತ್ತಿಕೊಂಡೆ. ಆ ಕ್ಷಣದ ತನಕ ಮದುವೆ ಮಾವನ ಕೆಲಸವಾಗಿತ್ತು. ಅಲ್ಲಿಂದ ಮುಂದೆ ಅದು ನನ್ನದಾಯಿತು. ಈ ಹುಡುಗಿ ಸಿಗದಿದ್ದರೆ ಇನ್ನುಳಿದ ಆಯುಷ್ಯವೆಲ್ಲ ಯಾರ ಮಾತೂ ರುಚಿಸದು ಎನ್ನಿಸಿತು.

ಆದರೆ ಸಿದ್ಧಲಿಂಗಪ್ಪನವರು ಮೂರ್ಖರಲ್ಲ. ಹಣೆ ತುಂಬ ವಿಭೂತಿ, ಕಣ್ಣು ತುಂಬ ಅನುಮಾನ. ಹೊರಡುವಾಗ ಮಾವನಿಗೆ, "ಇನ್ನ ನಾವು ಮನಿ ನೋಡಾಕ ಬರಬೇಕಲ್ರಿ. ಮುಂದಿನ ವಾರ ಮೋಟಾರ ಕಳಸ್ರಿ, ಅದರಾಗ ಬರ್ತೇನಿ. ನಡುದಾರ್ಯಾಗ ಕೈಕೊಡೂ ಮೋಟಾರಿನ ಮನಿಗೆ ಮಗಳ್ನ ಕೊಡಾಕ ನನಗ ಮನಸಿಲ್ಲ ನೋಡ್ರಿ" ಎಂದರು. ನಾವು ಖಣ ತುರುಕಿದ ಟಾಕಿಯೊಂದಿಗೆ ಮರಳಿದೆವು. ಮೋಟಾರು ಹಿರೇಕೆರೂರಿನಿಂದ ಹಾನಗಲ್ಲಿಗೆ ಎಲ್ಲಿಯೂ ಬಿಕ್ಕಲಿಲ್ಲ. ದಾರಿಯುದ್ದಕ್ಕೂ ಇಮಾಮಸಾಬ ಪ್ಲಗ್ಗಿನ ಗುಣ ಹಾಡಿದ, ಮಲ್ಲಪ್ಪ ತಿಳವಳ್ಳಿಯಲ್ಲಿ ಇಳಿಯುವ ತನಕ ತನ್ನ ಉಸಿರಿನ ಗುಣ ಹಾಡಿದ, ನಾನು ಒದ್ದೆ ಬಟ್ಟೆಯ ಕಡೆ ಬೆರಳು ತೋರಿಸಿದೆ. ಮಾವ ಮಾತ್ರ ಎಲ್ಲ ಗೌರವ್ವನ ವಿಭೂತಿಯ ಪ್ರತಾಪ ಎಂದು ಹೇಳಿ ನಮ್ಮೆಲ್ಲರ ಬಾಯಿ ಮುಚ್ಚಿಸಿದ.

ಮುಂದಿನ ವಾರ ಬೀಗರನ್ನು ಕರೆತರಲು ಇಮಾಮಸಾಬ, ಮಾವ, ನಾನು ಹೋದೆವು. ಅತ್ತೆ ಅಡುಗೆಗೆಂದು ಮನೆಯಲ್ಲೇ ಉಳಿದಳು. ಟಾಕಿಯ ಬಾಯಲ್ಲಿ ಅದೇ ಖಣ. ಮೋಟಾರು ಬಾಣದ ಹಾಗೆ ಹೋಯಿತು, ಸಿದ್ಧಲಿಂಗಪ್ಪನವರನ್ನು ಕೂಡಿಸಿಕೊಂಡು ಬಾಣದ ಹಾಗೆ ಬಂತು. ತಿಳವಳ್ಳಿಯಲ್ಲಿ ಚಹಾಕ್ಕೆಂದು ಮಲ್ಲಪ್ಪನ ಗಿರಣಿಯ ಮುಂದೆ ನಿಲ್ಲಿಸಿದಾಗ ಅವನು ನಗುತ್ತ ಬಂದು, ನಮ್ಮ ಕಳೆದುಹೋದ ಮುಚ್ಚಳವನ್ನು ತಟ್ಟೆಯಲ್ಲಿಟ್ಟು ಕೊಟ್ಟ. ಭತ್ತ ತಂದ ಯಾವನೋ ಚಕ್ಕಡಿಯವನಿಗೆ ದಾರಿಯಲ್ಲಿ ಸಿಕ್ಕಿತ್ತಂತೆ. ಅತ್ತೆಯ ಹಳೇ ಪದರ ಕಲ್ಲಿನಂತೆ ಹಾಗೇ ಇತ್ತು, ಮೇಲಿನ ಪಟ್ಟಿ ಮಾತ್ರ ಮಾಸಿತ್ತು. ಅದನ್ನು ಕಂಡು ಸಿದ್ಧಲಿಂಗಪ್ಪನವರ ಮುಖ ಅರಳಿತು. "ಮೋಟಾರಿಗೂ ವಿಭೂತಿ ಹಚ್ಚೂ ಮನಿತನ! ಭಾಳ ಚೊಲೋ" ಎಂದು ತಮ್ಮ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ನೀರಿನಲ್ಲಿ ತೇದು, ಮುಚ್ಚಳ ಹಾಕಿಸಿ, ತಾವೇ ಕೈಯಾರೆ ಮೂರು ದಪ್ಪ ಪಟ್ಟಿ ಎಳೆದು ನಮಸ್ಕಾರ ಮಾಡಿದರು. ಖಣವನ್ನು ನಾನು ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಮಾವನ ಕಣ್ಣು ಒದ್ದೆಯಾಯಿತು.

ಊರು ದಾಟಿ ತುಸು ದೂರ ಹೋಗಿರಬೇಕು. ಬಿಕ್ಕಿತು, ಕೆಮ್ಮಿತು, ನಿಂತಿತು.

ಇಮಾಮಸಾಬ ಹಾರಿ ಇಳಿದು ರೂಢಿಯಂತೆ ಮುಚ್ಚಳಕ್ಕೆ ಕೈ ಹಾಕಿದ. "ಏ ತಡೀಪಾ! ಈಗ ಪೂಜಿ ಮಾಡೇನಿ, ಮುಟ್ಟಬ್ಯಾಡ. ಒಣಗಲಿ" ಎಂದು ಸಿದ್ಧಲಿಂಗಪ್ಪನವರು ತಡೆದರು. ಇಮಾಮಸಾಬ ಕೈ ಹಿಂದೆಗೆದು ಪ್ಲಗ್ಗು ಬಿಚ್ಚಿದ, ತಿಕ್ಕಿದ. ಒಂದು ಪ್ಲಗ್ಗನ್ನು ಎಂಜಿನ್ನಿನ ಮೈಗೆ ತಾಗಿಸಿ ಹ್ಯಾಂಡಲ್ ತಿರುವಿಸಿದರೆ ನೀಲಿ ಕಿಡಿ ಪಟಪಟ ಹಾರಿತು. ಎಲ್ಲ ಕೂಡಿಸಿ ತಿರುವಿದ. ಏಳಲಿಲ್ಲ. ಕಿಡಿಯ ಮತ ಮೊದಲ ಸಲ ಸೋತಿತು. ಸುದ್ದಿ ತಿಳಿದು ಮಲ್ಲಪ್ಪ ಗಿರಣಿಯಿಂದ ಓಡಿಬಂದ. ಕಾರ್ಬೊರೇಟರು ಬಿಚ್ಚಿದರೆ ಒಳಗೆ ಒಂದು ಹನಿ ಪೆಟ್ರೋಲಿಲ್ಲ, ಒಣಗಿ ನಿಂತಿದೆ. ಊದಿದ, ಕೂಡಿಸಿದ. ತಿರುವಿದರೆ ಏಳಲಿಲ್ಲ. ನಾನು ನಾಚಿಕೆ ಬಿಟ್ಟು ಒದ್ದೆ ಬಟ್ಟೆಯನ್ನೂ ಸುತ್ತಿದೆ. ಇಮಾಮಸಾಬನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಸಿದ್ಧಲಿಂಗಪ್ಪನವರು ಕೆಳಗಿಳಿದು ಕೊಡೆ ಬಿಚ್ಚಿದರು. "ಚನ್ನಬಸಪ್ಪನವರ, ಸಿಟ್ಟಾಗಬ್ಯಾಡ್ರಿ. ಯಾವುದರ ಚಕ್ಕಡಿ ಸಿಕ್ರ ನಾ ಊರಿಗೆ ಹೊಳ್ಳತೇನಿ" ಎಂದರು. ಮಾವ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಅಷ್ಟು ದೈನ್ಯವನ್ನು ನಾನು ಎಂದೂ ಕಂಡಿರಲಿಲ್ಲ. ನನಗೋ ಕಿವಿಯಲ್ಲಿ "ಮೋಟಾರಿಗೂ ಉಡಿ ತುಂಬ್ತಾರೇನ್ರಿ" ಎಂಬ ದನಿ.

ಮಲ್ಲಪ್ಪ ಸೋಲೊಪ್ಪುವವನಲ್ಲ. ನಳಿಗೆಯನ್ನು ಚಿಮಣಿ ಎಣ್ಣೆಯಲ್ಲಿ ತೊಳೆದೇ ಬಿಡುತ್ತೇನೆಂದು ಗಿರಣಿಯಿಂದ ಹೊಸ ಡಬ್ಬಿಯೊಂದನ್ನು ತರಿಸಿದ. ದಾರಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಡಬ್ಬಿಯ ಒಂದು ಮೂಲೆಗೆ ಮೊಳೆ ಹೊಡೆದು ಬಗ್ಗಿಸಿದ. ಎಣ್ಣೆ ಗುಳುಕ್ ಎಂದು ಬಿತ್ತು, ನಿಂತಿತು, ಮತ್ತೆ ಗುಳುಕ್ ಎಂದಿತು. "ಪೆಟ್ರೋಲ ಅಂದ ಮ್ಯಾಲ ಅದರ ಹರಿವು ತಿಳೀಬೇಕ್ರಿ, ಅದು ಎಲ್ಲಾರಿಗೂ ತಿಳಿಯೂ ವಿದ್ಯಾ ಅಲ್ಲ" ಎಂದು ಬೀಗರಿಗೆ ಉಪದೇಶ ಮಾಡುತ್ತಲೇ, ಕಣ್ಣನ್ನೂ ಆ ಕಡೆ ಹಾಯಿಸದೆ, ಡಬ್ಬಿಯ ಇನ್ನೊಂದು ಮೂಲೆಗೆ ಮೊಳೆ ಇಟ್ಟು ಎರಡನೆಯ ತೂತು ಹೊಡೆದ. ಈಗ ಎಣ್ಣೆ ಸಣ್ಣ ದಾರದಂತೆ ಒಂದೇ ಸಮ ಇಳಿಯಿತು.

ನಾನು ಆ ಎರಡನೆಯ ತೂತನ್ನೇ ನೋಡುತ್ತ ನಿಂತೆ. ನಮ್ಮ ಸೀಮೆಯಲ್ಲಿ ಡಬ್ಬಿಗೆ ಎರಡು ತೂತು ಹೊಡೆಯದ ಮನೆ ಯಾವುದು? ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರುವುದಿಲ್ಲ ಎಂದು ಅತ್ತೆಗೆ ಗೊತ್ತು, ಇಮಾಮಸಾಬನಿಗೆ ಗೊತ್ತು, ನನಗೆ ಗೊತ್ತು. ಮಲ್ಲಪ್ಪನ ಕೈಗಂತೂ ಅದು ಎಷ್ಟು ಚೆನ್ನಾಗಿ ಗೊತ್ತೆಂದರೆ ತಲೆಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಕೆಟ್ಟದ್ದು ಮೋಟಾರು ಎಂದಾಕ್ಷಣ ನಾವೆಲ್ಲ ಡಬ್ಬಿಯ ವಿದ್ಯೆ ಕೀಳೆಂದು ಬಿಟ್ಟು ದೊಡ್ಡ ದೊಡ್ಡ ವಿದ್ಯೆಗಳನ್ನು ಹುಡುಕಿಕೊಂಡು ಹೋಗಿದ್ದೆವು. ಮುಚ್ಚಳದ ಆ ಸಣ್ಣ ತೂತು ಟಾಕಿಯ ಮೂಗು. ಅದು ವಿಭೂತಿಯಿಂದ ಮುಚ್ಚಿತ್ತು. ಪ್ರತಿ ಸಲ ಉಸ್ಸೆಂದದ್ದು ಗಾಳಿ ಒಳಗೆ ನುಗ್ಗಿದ ಸದ್ದು. ಟಾಕಿ ತುಂಬಿದಷ್ಟೂ ಒಳಗೆ ಗಾಳಿ ಕಡಿಮೆ, ಆದ್ದರಿಂದಲೇ ಆ ಶುಭದಿನ ಅಷ್ಟು ಬೇಗ ಬೇಗ ನಿಂತದ್ದು. ಪೇಟೆ ಗುಡಿಯ ಓಡಾಟಕ್ಕೆ ಅರೆಖಾಲಿ ಟಾಕಿಯ ಗಾಳಿಯೇ ಸಾಕಾಗಿತ್ತು. ಬಟ್ಟೆಯ ನೂಲಿನ ಸಂದಿಯಿಂದ ಗಾಳಿ ಹೋಗುತ್ತಿತ್ತು, ಅದಕ್ಕೇ ಖಣ ಇದ್ದಾಗ ಓಡಿದ್ದು. ಇವತ್ತು ಮಾತ್ರ ಯಾರೂ ಮುಚ್ಚಳ ತೆಗೆದಿರಲಿಲ್ಲ, ಇವತ್ತು ಮಾತ್ರ ಯಾವ ಮದ್ದೂ ನಾಟಲಿಲ್ಲ.

ತಿಳಿದದ್ದೇನೋ ಆಯಿತು, ಹೇಳುವುದು ಹೇಗೆ? ಆ ಪಟ್ಟಿ ಎಳೆದವರು ಹೆಣ್ಣಿನ ತಂದೆ, ಕೊಡೆ ಹಿಡಿದು ಎದುರಿಗೆ ನಿಂತಿದ್ದಾರೆ. ನಿಮ್ಮ ವಿಭೂತಿಯಿಂದ ಮೋಟಾರು ನಿಂತಿತು ಎಂದರೆ ಮುಗಿಯಿತು. ವಿಭೂತಿಯನ್ನು ಕಸ ಎನ್ನುವ ಮಾಸ್ತರನಿಗೆ ಯಾರು ಹೆಣ್ಣು ಕೊಡುತ್ತಾರೆ? ಹೇಳದೆ ಬಿಟ್ಟರೂ ಹೆಣ್ಣು ಹೋಯಿತು. ಸತ್ಯಕ್ಕೂ ಮೌನಕ್ಕೂ ಒಂದೇ ಶಿಕ್ಷೆ ಇರುವಾಗ ಬುದ್ಧಿವಂತ ಪದ್ಧತಿಯ ಆಸರೆ ಹಿಡಿಯುತ್ತಾನೆ. ನಾನು ಬೇಲಿಯಿಂದ ಒಂದು ಜಾಲಿಮುಳ್ಳು ಮುರಿದುಕೊಂಡು ಬಂದು ಸಿದ್ಧಲಿಂಗಪ್ಪನವರಿಗೆ ಕೈಮುಗಿದೆ.

"ಪಟ್ಟಿ ಭಾಳ ಚಂದ ಎಳದೀರ್ರಿ. ಖರೇ ನಮ್ಮ ಅತ್ತಿ ಪದ್ಧತಿಯೊಳಗ ನಡುವ ಒಂದು ಬಿಂದು ಇಡ್ತಾರ್ರಿ. ಅದು ಉಳದೈತಿ, ಅದಕ್ಕ ನಿಂತಿರಬೇಕು."

"ಬಿಂದು ಮುಳ್ಳಿಲೆ ಯಾಕಪಾ?"

"ಬೆರಳಿಲೆ ಇಟ್ರ ಪಟ್ಟಿ ಕೆಡ್ತಾವ್ರಿ."

ಅವರು ಮಾವನ ಕಡೆ ತಿರುಗಿದರು. ಮಾವ ಇಂಥ ಪದ್ಧತಿಯನ್ನು ಜನ್ಮದಲ್ಲಿ ಕೇಳಿದವನಲ್ಲ. ಆದರೆ ತನ್ನ ಮನೆಯ ಪದ್ಧತಿ ತನಗೇ ಗೊತ್ತಿಲ್ಲ ಎಂದು ಬೀಗರ ಮುಂದೆ ಒಪ್ಪುವವನೂ ಅಲ್ಲ. "ಹೌದ್ರಿ, ನಮ್ಮ ಮನಿತನದಾಗ ಮೊದಲಿಂದ ಬಂದದ್ದು" ಎಂದ, ಕಣ್ಣು ಮಿಟುಕಿಸದೆ. ನಾನು ಮುಳ್ಳನ್ನು ನಡುವೆ ಇಟ್ಟು, ಭಕ್ತಿಯಿಂದ ಕಣ್ಣು ಮುಚ್ಚಿ, ಒತ್ತಿ ತಿರುವಿದೆ. ಗಟ್ಟಿ ಪದರ ಕರಕರ ಎಂದಿತು. ಮುಳ್ಳು ಒಳಗಿಳಿಯಿತು. ಮೋಟಾರು ಉದ್ದಕ್ಕೆ ಉಸಿರೆಳೆದುಕೊಂಡಿತು. ಆ ಸದ್ದಿನಷ್ಟು ಇಂಪಾದ ಸದ್ದು ನಾನು ಕೇಳಿಲ್ಲ. ತುಸು ತಡೆದು ಇಮಾಮಸಾಬನಿಗೆ ಹ್ಯಾಂಡಲ್ ತಿರುವಲು ಹೇಳಿದೆ. ಎಂಜಿನ್ನು ಎದ್ದಿತು, ಹಾನಗಲ್ಲಿನ ನಮ್ಮ ಮನೆಯ ಕಟ್ಟೆಯ ತನಕ ಒಮ್ಮೆಯೂ ಕೆಮ್ಮಲಿಲ್ಲ. ಸಿದ್ಧಲಿಂಗಪ್ಪನವರು ಇಳಿಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಮೋಟಾರ ನೋಡಾಕ ಬಂದಿದ್ದೆ, ಹುಡುಗನ್ನ ನೋಡಿದಂಗಾತು" ಎಂದರು. ಮನೆಯನ್ನು ಅವರು ನೋಡಲೇ ಇಲ್ಲ, ನೇರ ಊಟಕ್ಕೆ ಕೂತರು.

ಒಂದು ಶಾಸ್ತ್ರ ಹುಟ್ಟುವುದನ್ನು ಕಣ್ಣಾರೆ ಕಂಡವರು ಕಡಿಮೆ, ನಾನು ಹೆತ್ತಿದ್ದೇನೆ. ಬಿಂದುವಿನ ಸುದ್ದಿ ಅಡುಗೆಮನೆಗೆ ಮುಟ್ಟಿದಾಗ ಅತ್ತೆ ಸೌಟು ಕೆಳಗಿಟ್ಟು, "ಹೌದಲ್ಲ, ನಮ್ಮ ತೌರಾಗ ಇಡ್ತಿದ್ರು. ನಾನ ಮರತಿದ್ದೆ ನೋಡು" ಎಂದಳು. ಇಮಾಮಸಾಬ ಸವಣೂರಿಗೆ ಹೋಗಿ ಮುಳ್ಳಿನ ಬಿಂದು ಇಟ್ಟರೆ ಕಿಡಿ ಜೋರಾಗುತ್ತದೆ ಎಂದು ಹೇಳಿದ. ಮಲ್ಲಪ್ಪ ಅದರಿಂದ ಎಣ್ಣೆಯ ಕಸ ಕರಗುತ್ತದೆ ಎಂದು ಕಂಡುಹಿಡಿದ. ಇಬ್ಬರೂ ತಮ್ಮ ತಮ್ಮ ಮತ ಬಿಡಲಿಲ್ಲ, ಬಿಂದುವನ್ನೂ ಬಿಡಲಿಲ್ಲ. ಕೆಲವು ಕಾಲದ ಮೇಲೆ ಮಲ್ಲಪ್ಪನ ಗಿರಣಿ ಎಂಜಿನ್ನಿನ ಮೇಲೆ, ಯಾವ ತೂತೂ ಇಲ್ಲದ ಜಾಗದಲ್ಲಿ, ಮೂರು ಪಟ್ಟಿ ಮತ್ತು ಜಾಲಿಮುಳ್ಳಿನ ಬಿಂದು ಕಂಡಾಗ ನಾನು ನಗಲಿಲ್ಲ. ತನ್ನ ಶಾಸ್ತ್ರವನ್ನು ನೋಡಿ ತಾನೇ ನಗುವುದು ಕರ್ತೃವಿಗೆ ಶೋಭಿಸುವುದಿಲ್ಲ.

ಮದುವೆಯಾಯಿತು. ನಮ್ಮದು ತುಂಬಿದ ಮನೆ. ಹಗಲೆಲ್ಲ ಮಾವನ ವ್ಯಾಪಾರದವರು, ಅತ್ತೆಯ ಬಳಗದವರು, ಬಂದವರು ಹೋಗುವವರು. ಹೊಸ ಹೆಂಡತಿ ಗಂಡನ ಜೊತೆ ನಿಂತು ಎರಡು ಮಾತಾಡಿದರೆ ನಾಲ್ಕು ಕೆಮ್ಮು ಕೇಳಿಸುತ್ತಿತ್ತು. ಇಂಥದರಲ್ಲಿ ಅತ್ತೆಯೇ ಒಂದು ದಿನ, ಬಿಂದು ಇಡುವುದು ದಂಪತಿಗಳ ಕೆಲಸ, ಒಬ್ಬರೇ ಇಟ್ಟರೆ ಫಲವಿಲ್ಲ ಎಂದು ತೀರ್ಮಾನ ಕೊಟ್ಟಳು. ನನ್ನ ಶಾಸ್ತ್ರಕ್ಕೆ ಅವಳು ಬರೆದ ಈ ಭಾಷ್ಯದಲ್ಲಿ ಎಷ್ಟು ಭಕ್ತಿ, ಎಷ್ಟು ಕರುಣೆ ಎಂದು ನಾನು ಕೇಳಲಿಲ್ಲ. ಪ್ರತಿ ಸೋಮವಾರ ನಾನೂ ನೀಲವ್ವನೂ ಬಟ್ಟಲು, ಮುಳ್ಳು ಹಿಡಿದು ಮೋಟಾರು ನಿಲ್ಲಿಸಿದ ಕೊಟ್ಟಿಗೆಗೆ ಹೋಗುತ್ತಿದ್ದೆವು. ಮೊದಲ ಸೋಮವಾರವೇ ಅವಳಿಗೆ ನಿಜ ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕಣ್ಣು ಒರೆಸಿಕೊಂಡು, "ನಮ್ಮಪ್ಪ ಮುಚ್ಚಿದ್ದನ್ನ ನೀವು ತಗದೀರಿ ಅನ್ರಿ. ಹಂಗಾರ ದಿನಾ ಬರೂನು" ಎಂದಳು. ದಿನಾ ಹೋಗಲು ಶಾಸ್ತ್ರ ಒಪ್ಪಲಿಲ್ಲ. ಸೋಮವಾರದ ಪೂಜೆ ಮಾತ್ರ ವಾರದಿಂದ ವಾರಕ್ಕೆ ಉದ್ದವಾಗುತ್ತ ಹೋಯಿತು. ಅಷ್ಟು ಹೊತ್ತು ಯಾರೂ ಕೊಟ್ಟಿಗೆಯ ಕಡೆ ಸುಳಿಯುತ್ತಿರಲಿಲ್ಲ.

ಮಾವನಿಲ್ಲ, ಅತ್ತೆಯಿಲ್ಲ. ಮೋಟಾರು ಗುಜರಿಯವನ ಕೈ ಸೇರಿ ಬಹಳ ಕಾಲವಾಯಿತು. ಆದರೂ ಮನೆಯಲ್ಲಿ ಮಾತು ಬಿಗಿದು, ಎಲ್ಲರೂ ತಮ್ಮ ತಮ್ಮ ಮತ ಹಿಡಿದು ಗಂಟಲು ಹರಿದುಕೊಳ್ಳುವಾಗ ನೀಲವ್ವ ಒಳಗಿಂದ ಬಂದು, ಮುಖದಲ್ಲಿ ಒಂದು ಗೆರೆಯೂ ಅಲುಗದೆ, "ರೀ, ಬಿಂದು ಇಟ್ಟು ಬರೂನೇನ್ರಿ?" ಎಂದು ಕೇಳುತ್ತಾಳೆ. ಮಕ್ಕಳು ಸೊಸೆಯಂದಿರು ಅದು ಯಾವುದೋ ಹಳೇ ವ್ರತವೆಂದು ತಿಳಿದು ದಾರಿ ಬಿಡುತ್ತಾರೆ. ನಾನು ಚಪ್ಪಲಿ ಮೆಟ್ಟಿಕೊಂಡು ಏಳುತ್ತೇನೆ. ಮೋಟಾರಿಲ್ಲದ ಆ ಖಾಲಿ ಕೊಟ್ಟಿಗೆಯ ಕಟ್ಟೆಯ ಮೇಲೆ ಇಬ್ಬರೂ ಕೂತು ಉಸ್ಸೆನ್ನುತ್ತೇವೆ.